ಆಯಿಯ ಎರಡು ಹೆಸರು

ನೀನು ಈ ದೇಶದವನು ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಪೀಠದಲ್ಲಿ ಯಾರು ಕೂತಿರಬೇಕು? ಆ ಪೀಠವೇ ತಪ್ಪಿದರೆ ತಿದ್ದುವವರು ಯಾರು? ಅಸ್ಸಾಂನ ನ್ಯಾಯಮಂಡಳಿಗಳಲ್ಲಿ, ಮುಂಡಗೋಡದ ಟಿಬೆಟನ್ ವಸಾಹತಿನಲ್ಲಿ, ಅಮೆರಿಕದ ವಲಸೆ ಕೋರ್ಟುಗಳಲ್ಲಿ ಏಳುವ ಪ್ರಶ್ನೆ ಒಂದೇ.

ಬೆಳಗಾವಿ ಜಿಲ್ಲೆಯ ಕಬ್ಬೂರದ ನಮ್ಮ ಮನೆಯಲ್ಲಿ ಒಂದು ಹಳೆಯ ತಗಡಿನ ಟ್ರಂಕು ಇದೆ. ಅದರ ತಳದಲ್ಲಿ, ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆಯಿಯ, ಅಂದರೆ ನಮ್ಮಜ್ಜಿಯ ಕಾಗದಗಳಿವೆ. ಮೊದಲನೆಯದು ಜತ್ತ ಸೀಮೆಯ ತವರೂರಿನ ಶಾಲೆಯ ದಾಖಲೆ. ಅದು ಮರಾಠಿಯಲ್ಲಿದೆ, ಅದರಲ್ಲಿರುವುದು ತವರಿನ ಹೆಸರು. ಎರಡನೆಯದು ಕನ್ನಡದ ರೇಷನ್ ಕಾರ್ಡು, ಅದರಲ್ಲಿರುವುದು ಅತ್ತೆಮನೆಯ ಹೆಸರು. ನಮ್ಮ ಭಾಗದಲ್ಲಿ ಸೊಸೆ ಮನೆಗೆ ಬಂದಾಗ ಅಡ್ಡಹೆಸರಷ್ಟೇ ಬದಲಾಗುತ್ತಿರಲಿಲ್ಲ, ಕರೆಯುವ ಹೆಸರನ್ನೂ ಹೊಸದಾಗಿ ಇಡುತ್ತಿದ್ದರು. ಮೂರನೆಯದು ಆಧಾರ್ ಕಾರ್ಡು. ಅದರಲ್ಲಿ ಅತ್ತೆಮನೆಯ ಹೆಸರಿನ ಒಂದಕ್ಷರ ಇಂಗ್ಲಿಷಿನಲ್ಲಿ ತಪ್ಪಾಗಿದೆ, ಹುಟ್ಟಿದ ದಿನ ಜನವರಿ 1 ಎಂದಿದೆ. ಹುಟ್ಟಿದ ತಾರೀಖು ಬರೆದಿಡದ ಊರುಗಳಲ್ಲಿ ಅರ್ಧ ಊರು ಜನವರಿ 1ಕ್ಕೆ ಹುಟ್ಟಿರುತ್ತದೆ, ಉಳಿದರ್ಧವನ್ನು ಶಾಲೆಯ ಮಾಸ್ತರರು ಜೂನ್ 1ಕ್ಕೆ ಹುಟ್ಟಿಸಿರುತ್ತಾರೆ.

ಆಯಿ ಮದುವೆಯಾಗಿ ಬಂದಾಗ ತವರೂರೂ ಕಬ್ಬೂರವೂ ಮುಂಬಯಿ ರಾಜ್ಯದಲ್ಲೇ ಇದ್ದವು. 1956ರ ನವೆಂಬರ್ 1ರಂದು ಕಬ್ಬೂರ ಮೈಸೂರು ರಾಜ್ಯಕ್ಕೆ ಬಂತು, ಜತ್ತ ಆಚೆ ಉಳಿಯಿತು. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ, ಗಡಿ ತಾನೇ ಎದ್ದು ಬಂದು ಅವಳಿಗೂ ಅವಳ ತವರಿಗೂ ನಡುವೆ ಕೂತಿತು.

ಅಜ್ಜ ತೀರಿದ ಮೇಲೆ ಅವಳ ವಿಧವಾ ವೇತನ ಒಂದು ಕಚೇರಿಯಲ್ಲಿ ಸಿಕ್ಕಿಬಿತ್ತು. ಹೆಸರು ತಾಳೆಯಾಗುತ್ತಿಲ್ಲ ಎಂದರು. ತಿಂಗಳುಗಟ್ಟಲೆ ಅಲೆದಾಡಿ, ಕಡೆಗೆ ಚಿಕ್ಕೋಡಿಯಲ್ಲಿ ನೋಟರಿಯ ಮುಂದೆ ಕೂರಿಸಿ, ಈ ಎರಡೂ ಹೆಸರಿನವರು ಒಬ್ಬರೇ ಎಂದು ಅಫಿಡವಿಟ್ ಮಾಡಿಸಿದೆವು. ಆಯಿ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: ‘ಹೆಸರ ಎರಡ ಇದ್ರ ಏನಾತೋ ತಮ್ಮಾ, ಜೀವ ಒಂದ ಐತೆಲ್ಲ.’ ಆಮೇಲೆ ಮೆಲ್ಲಗೆ ಕೇಳಿದಳು: ‘ಇದನ್ನೂ ಅವರು ಒಪ್ಪಲಿಲ್ಲಂದ್ರ ಮುಂದ ಯಾರನ್ನ ಕೇಳೂದು?’

ಅವತ್ತು ನಾನು ನಕ್ಕು ಸುಮ್ಮನಾದೆ. ಅದು ತಿಂಗಳ ವೇತನದ ಮಾತಾಗಿತ್ತು, ಬಗೆಹರಿಯಿತು ಕೂಡ. ಇದೇ ಎರಡು ಹೆಸರು, ಇದೇ ತಪ್ಪಕ್ಷರ, ಇದೇ ಜನವರಿ 1 ಹಿಡಿದುಕೊಂಡು ‘ನೀನು ಈ ದೇಶದವಳೇ ಅಲ್ಲ’ ಎಂದು ಯಾರಾದರೂ ಬರೆದುಬಿಟ್ಟಿದ್ದರೆ? ಅಸ್ಸಾಂನ ಕಡತಗಳನ್ನು ಓದತೊಡಗಿದ ಮೇಲೆ ಆಯಿಯ ಆ ಎರಡನೆಯ ಮಾತು ನನ್ನನ್ನು ಬಿಟ್ಟಿಲ್ಲ.

ರುಜುವಾತಿನ ಹೊಣೆ ಯಾರದು

ನಮ್ಮ ದೇಶದಲ್ಲಿ ‘ವಲಸೆ ಕೋರ್ಟು’ ಎಂಬ ಹೆಸರಿನ ನ್ಯಾಯಾಲಯವಿಲ್ಲ. ಆ ಕೆಲಸ ಮಾಡುವುದು ಅಸ್ಸಾಂನ ವಿದೇಶಿಯರ ನ್ಯಾಯಮಂಡಳಿಗಳು. 1946ರ ವಿದೇಶಿಯರ ಕಾಯ್ದೆಯ ಅಡಿಯಲ್ಲಿ 1964ರಲ್ಲಿ ಹೊರಟ ಒಂದು ಸರ್ಕಾರಿ ಆದೇಶ ಇವುಗಳ ತಾಯಿಬೇರು. ಇಂಥ ಮಂಡಳಿಗಳು ಈಗ ಅಲ್ಲಿ ನೂರರಷ್ಟಿವೆ. ಗಡಿ ಪೊಲೀಸರು ಸಂಶಯಪಟ್ಟು ಕಳಿಸಿದವರು ಮತ್ತು ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ‘ಡಿ’, ಅಂದರೆ ಸಂಶಯಾಸ್ಪದ ಎಂಬ ಗುರುತು ಬಿದ್ದವರು ಈ ಮಂಡಳಿಗಳ ಮುಂದೆ ನಿಲ್ಲಬೇಕು. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮೊದಲು ತಾನು ಅಥವಾ ತನ್ನ ಹಿರಿಯರು ಇಲ್ಲಿದ್ದರು ಎಂಬುದನ್ನು ಕಾಗದದಲ್ಲಿ ತೋರಿಸಬೇಕು.

ಸಾಮಾನ್ಯ ಫೌಜದಾರಿ ಪ್ರಕರಣದಲ್ಲಿ ಕಳ್ಳತನ ಮಾಡಿದ್ದಾನೆ ಎಂದು ಸಾಬೀತು ಮಾಡಬೇಕಾದವರು ಪೊಲೀಸರು. ಇಲ್ಲಿ ಹಾಗಲ್ಲ. 1946ರ ಕಾಯ್ದೆಯ 9ನೇ ಕಲಂ ಪ್ರಕಾರ ತಾನು ವಿದೇಶಿ ಅಲ್ಲ ಎಂದು ರುಜುವಾತು ಮಾಡುವ ಹೊಣೆ ಆಪಾದಿತನದೇ ಆಗಿತ್ತು. ಅಸ್ಸಾಂಗೆಂದೇ 1983ರಲ್ಲಿ ತಂದ ಕಾಯ್ದೆ ಈ ಹೊರೆಯನ್ನು ತಗ್ಗಿಸಿತ್ತು. ಸರ್ಬಾನಂದ ಸೋನೋವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಆ ಕಾಯ್ದೆಯನ್ನು ರದ್ದು ಮಾಡಿತು, ಹೊರೆ ಮತ್ತೆ ಜನರ ಹೆಗಲಿಗೆ ಬಂತು. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಕಾಯ್ದೆಗಳನ್ನು ತೆಗೆದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಈ ಹೊರೆ ಹಾಗೇ ಮುಂದುವರಿದಿದೆ.

ಹೊರೆ ಯಾರ ಮೇಲೆ ಹೆಚ್ಚು ಬೀಳುತ್ತದೆ? ಬ್ರಹ್ಮಪುತ್ರೆಯ ನಡುಗಡ್ಡೆಗಳಲ್ಲಿ ನೆರೆ ಬಂದಾಗ ಮನೆಯ ಜತೆ ಕಾಗದವೂ ಕೊಚ್ಚಿಹೋಗುತ್ತದೆ. ಹೆಣ್ಣುಮಕ್ಕಳಿಗಂತೂ ಇನ್ನೂ ಕಷ್ಟ. ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಬೇರೆ ಊರಿಗೆ ಬಂದವಳ ಹೆಸರು ಮತದಾರರ ಪಟ್ಟಿಗೆ ಸೇರುವುದೇ ಗಂಡನ ಮನೆಯಲ್ಲಿ. ಅವಳು ಇಂಥವರ ಮಗಳು ಎಂದು ಹೇಳುವ ಕಾಗದವೆಂದರೆ ಪಂಚಾಯಿತಿ ಕಾರ್ಯದರ್ಶಿ ಬರೆದುಕೊಟ್ಟ ಒಂದು ಚೀಟಿ. ಆ ಚೀಟಿಗೆ ಬೆಲೆಯಿಲ್ಲ ಎಂದು ಗುವಾಹಟಿ ಹೈಕೋರ್ಟ್ 2017ರ ಫೆಬ್ರುವರಿಯಲ್ಲಿ ಹೇಳಿದಾಗ ಲಕ್ಷಾಂತರ ಹೆಣ್ಣುಮಕ್ಕಳು ಒಂದೇ ದಿನದಲ್ಲಿ ತವರಿಲ್ಲದವರಾದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟಿತು: ಚೀಟಿಯಲ್ಲಿರುವುದು ನಿಜವೇ ಎಂದು ಪರಿಶೀಲಿಸಿ, ನಿಜವಾಗಿದ್ದರೆ ಒಪ್ಪಿಕೊಳ್ಳಬಹುದು ಎಂದಿತು. ಮೇಲಿನ ಕೋರ್ಟು ಇರದಿದ್ದರೆ ಆ ಹತ್ತು ತಿಂಗಳ ತಪ್ಪು ಶಾಶ್ವತವಾಗುತ್ತಿತ್ತು.

ಪೀಠದಲ್ಲಿ ಕೂತವರು

ಈ ಮಂಡಳಿಗಳ ಸದಸ್ಯರು ಕೋರ್ಟಿನ ನ್ಯಾಯಾಧೀಶರಂತೆ ಭದ್ರ ಕೆಲಸದಲ್ಲಿರುವವರಲ್ಲ. ನಿವೃತ್ತ ನ್ಯಾಯಾಧೀಶರ ಜತೆ ವಕೀಲರನ್ನೂ ಸರ್ಕಾರ ಗುತ್ತಿಗೆಯ ಮೇಲೆ ನೇಮಿಸುತ್ತದೆ. ಅವಧಿ ಮುಂದುವರಿಸುವುದೂ ಬಿಡುವುದೂ ಅದೇ ಸರ್ಕಾರದ ಕೈಯಲ್ಲಿ. ಎದುರಿನ ಕಕ್ಷಿ ಎಂದರೆ ಪೊಲೀಸರು, ಅವರೂ ಸರ್ಕಾರದವರೇ. 2017ರಲ್ಲಿ ಕೆಲವು ಸದಸ್ಯರ ಅವಧಿಯನ್ನು ಕೆಲಸ ತೃಪ್ತಿಕರವಲ್ಲವೆಂದು ಸರ್ಕಾರ ಮುಂದುವರಿಸಲಿಲ್ಲ. ಅವರು ಹೈಕೋರ್ಟ್‌ಗೆ ಹೋದಾಗ ಒಂದು ಸಂಗತಿ ಹೊರಬಿತ್ತು. ಯಾವ ಸದಸ್ಯರು ಶೇಕಡಾ ಎಷ್ಟು ಮಂದಿಯನ್ನು ವಿದೇಶಿಯರೆಂದು ಘೋಷಿಸಿದ್ದಾರೆ ಎಂಬ ಲೆಕ್ಕವನ್ನು ಸರ್ಕಾರ ಇಟ್ಟಿತ್ತು.

ಜಾತ್ರೆಯ ಕುಸ್ತಿ ಕಣದಲ್ಲಿ ಪಂಚನಾಗಿ ನಿಂತವನು ಒಬ್ಬ ಪೈಲ್ವಾನನ ಮನೆಯಲ್ಲಿ ಪಗಾರಕ್ಕಿದ್ದಾನೆ ಎಂದು ಗೊತ್ತಾದರೆ ಜನ ಆ ಕುಸ್ತಿಯನ್ನು ನೋಡದೆ ಎದ್ದು ಹೋಗುತ್ತಾರೆ. ಪಂಚನು ನಿಜಕ್ಕೂ ಪ್ರಾಮಾಣಿಕನಿರಬಹುದು. ಆದರೂ ಜನ ಕೂರುವುದಿಲ್ಲ. ಮಂಡಳಿಯ ಎಷ್ಟೋ ಸದಸ್ಯರು ಒಳ್ಳೆಯವರಿದ್ದಾರು. ಆದರೆ ‘ನೀನು ಭಾರತೀಯ’ ಎಂದು ಬರೆಯುವಾಗ ಬರೆಯುವವನಿಗೆ ತನ್ನ ಮುಂದಿನ ವರ್ಷದ ಅನ್ನದ ಚಿಂತೆ ಬರುವಂತಿದ್ದರೆ ಆ ವ್ಯವಸ್ಥೆಯಲ್ಲೇ ಐಬು ಇದೆ.

ಇನ್ನೊಂದು ಐಬು ಏಕಪಕ್ಷೀಯ ಆದೇಶ. ನೋಟಿಸು ಮುಟ್ಟಲಿಲ್ಲ, ಮುಟ್ಟಿದರೂ ಓದಲು ಬರಲಿಲ್ಲ, ವಕೀಲರಿಗೆ ಕೊಡಲು ಹಣವಿರಲಿಲ್ಲ, ದುಡಿಯಲು ಬೇರೆ ರಾಜ್ಯಕ್ಕೆ ಹೋಗಿದ್ದರು ಎಂಬಂಥ ಕಾರಣಗಳಿಂದ ಆಪಾದಿತ ಹಾಜರಾಗದಿದ್ದರೆ ಅವನಿಲ್ಲದೆಯೇ ತೀರ್ಮಾನವಾಗುತ್ತದೆ. 1985ರಿಂದ 2019ರ ಫೆಬ್ರುವರಿವರೆಗೆ ಹೀಗೆ ಏಕಪಕ್ಷೀಯವಾಗಿ ವಿದೇಶಿಯರೆಂದು ಘೋಷಿತರಾದವರು 63,959 ಮಂದಿ ಎಂದು ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ಕಬ್ಬು ಕಡಿಯಲು ನಮ್ಮ ಸೀಮೆಗೆ ಬರುವ ಬೀಡ ಜಿಲ್ಲೆಯ ಗ್ಯಾಂಗಿನವರನ್ನು ನೆನೆಸಿಕೊಳ್ಳಿ. ಅವರು ಗದ್ದೆಯಂಚಿನ ಗುಡಿಸಲಲ್ಲಿರುವಾಗ ಊರಿನ ಬೀಗ ಹಾಕಿದ ಬಾಗಿಲಿಗೆ ಯಾರೋ ನೋಟಿಸು ಅಂಟಿಸಿ ಹೋದರೆ ಓದುವವರು ಯಾರು?

ನಲಬಾರಿಯ ಒಬ್ಬ ಮನುಷ್ಯ

ಅಸ್ಸಾಂನ ನಲಬಾರಿ ಜಿಲ್ಲೆಯ ಒಬ್ಬರ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2004ರಲ್ಲಿ ಪೊಲೀಸರು ಅವರ ಬಗ್ಗೆ ವಿಚಾರಣೆ ಶುರು ಮಾಡಿದರು. ಮಂಡಳಿಯ ಮುಂದೆ ಒಮ್ಮೆ ಹಾಜರಾದ ಮೇಲೆ ಕಾಯಿಲೆ ಬಿದ್ದು ಮತ್ತೆ ಹೋಗಲಾಗಲಿಲ್ಲ. 2012ರಲ್ಲಿ ಏಕಪಕ್ಷೀಯ ಆದೇಶ ಬಂತು: ವಿದೇಶಿ. ಹೈಕೋರ್ಟ್‌ನಲ್ಲಿ ಅರ್ಜಿ ವಜಾ ಆಯಿತು. ಸುಪ್ರೀಂ ಕೋರ್ಟ್ ಮತ್ತೊಮ್ಮೆ ನೋಡಿ ಎಂದು ಮಂಡಳಿಗೆ ಮರಳಿಸಿತು. ಮಂಡಳಿ ಕಾಗದ ನೋಡಿ ಮತ್ತದೇ ಮಾತು ಹೇಳಿತು. ಅದರ ಕಣ್ಣಿಗೆ ಬಿದ್ದದ್ದು ಹೆಸರುಗಳ ಕಾಗುಣಿತದ ವ್ಯತ್ಯಾಸ, ತಾರೀಖುಗಳ ಹೊಂದಾಣಿಕೆ ಇಲ್ಲದಿರುವುದು.

2024ರ ಜುಲೈ 11ರಂದು ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಅಹ್ಸಾನುದ್ದೀನ್ ಅಮಾನುಲ್ಲಾ ಅವರ ಪೀಠ ಆ ಆದೇಶಗಳನ್ನು ಹೊಡೆದುಹಾಕಿ ಅವರನ್ನು ಭಾರತೀಯ ಪ್ರಜೆ ಎಂದು ಘೋಷಿಸಿತು. ತೀರ್ಪಿನ ತಿರುಳು ನಮ್ಮಂಥ ಊರುಗಳಿಗೂ ಬೇಕಾದದ್ದು. ರುಜುವಾತಿನ ಹೊಣೆ ಆಪಾದಿತನದು ನಿಜ. ಹಾಗೆಂದು ಸರ್ಕಾರ ಯಾರದೋ ಮನೆಯ ಬಾಗಿಲು ತಟ್ಟಿ, ನಿನ್ನ ಮೇಲೆ ಸಂಶಯವಿದೆ ಎಂದು ಸುಮ್ಮನೆ ಎತ್ತಿಕೊಂಡು ಹೋಗುವಂತಿಲ್ಲ. ಸಂಶಯಕ್ಕೆ ಆಧಾರ ಏನೆಂದು ಮೊದಲು ಅದೇ ತೋರಿಸಬೇಕು. ಮತದಾರರ ಪಟ್ಟಿ ಬರೆಯುವವರು ಹೆಸರನ್ನು ಹೆಚ್ಚುಕಡಿಮೆ ಬರೆಯುವುದು ಇಡೀ ದೇಶದಲ್ಲಿರುವ ರೂಢಿ. ಅದೊಂದನ್ನೇ ಹಿಡಿದು ಪೌರತ್ವ ಕಸಿಯಲಾಗದು.

ಇದನ್ನು ಓದಿದಾಗ ಟ್ರಂಕಿನಲ್ಲಿರುವ ತಪ್ಪಕ್ಷರದ ಆಧಾರ್ ಕಾರ್ಡು ನೆನಪಾಗಿ ಎದೆ ತಣ್ಣಗಾಯಿತು. ಆದರೆ ಆ ನೆಮ್ಮದಿ ಉಳಿಯಲಿಲ್ಲ. ಆ ತೀರ್ಪು ಬರುವ ಎರಡೂವರೆ ವರ್ಷ ಮೊದಲೇ ಆ ಮನುಷ್ಯ ತೀರಿಕೊಂಡಿದ್ದರು. ಭಾರತೀಯ ಎಂಬ ಮಾತನ್ನು ಕೇಳಿಸಿಕೊಳ್ಳಲು ಅವರೇ ಇರಲಿಲ್ಲ.

ಹಾಗಾಗಿ ಮೇಲಿನ ಕೋರ್ಟು ಇದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಮಂಡಳಿಯ ಆದೇಶದ ಮೇಲೆ ಮೇಲ್ಮನವಿಗೆ ಜಾಗವೇ ಇಲ್ಲ. ಇರುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ರಿಟ್ ಅರ್ಜಿ ಮಾತ್ರ. ರಿಟ್‌ನಲ್ಲಿ ಹೈಕೋರ್ಟ್ ನೋಡುವುದು ಮಂಡಳಿ ಕಾನೂನಿನ ದಾರಿಯಲ್ಲಿ ನಡೆಯಿತೇ ಎಂಬುದನ್ನು. ಈ ಸಾಕ್ಷಿ ನಂಬತಕ್ಕದ್ದೇ, ಈ ಚೀಟಿ ನಿಜವೇ ಎಂದು ಸಾಮಾನ್ಯವಾಗಿ ಹೊಸದಾಗಿ ತೂಗುವುದಿಲ್ಲ. ನಮ್ಮಲ್ಲಿ ಎರಡು ಗುಂಟೆ ಹೊಲದ ಬಾಂದಿನ ಜಗಳಕ್ಕೂ ಚಿಕ್ಕೋಡಿ ಕೋರ್ಟಿನ ತೀರ್ಪಿನ ಮೇಲೆ ಅಪೀಲು ಉಂಟು, ಅಲ್ಲಿ ಸೋತರೆ ಧಾರವಾಡ ಪೀಠದಲ್ಲಿ ಎರಡನೇ ಅಪೀಲು ಉಂಟು. ಬಾಂದಿನ ಕಲ್ಲಿಗಿರುವ ಅವಕಾಶ ಮನುಷ್ಯನ ದೇಶಕ್ಕೆ ಇಲ್ಲ.

ಮುಂಡಗೋಡದಲ್ಲಿ ಹುಟ್ಟಿದವರು

ಇದು ದೂರದ ಅಸ್ಸಾಂನ ಕಥೆ ಎನ್ನುವವರು ನಮ್ಮ ಧಾರವಾಡ ಪೀಠದ ವ್ಯಾಪ್ತಿಯಲ್ಲೇ ಇರುವ ಮುಂಡಗೋಡಕ್ಕೆ ಬರಬೇಕು. ದಲಾಯಿ ಲಾಮಾ 1959ರಲ್ಲಿ ಭಾರತಕ್ಕೆ ಬಂದರು. ಮರುವರ್ಷದ ಕೊನೆಗೆ ಬೈಲಕುಪ್ಪೆಗೆ ಮೊದಲ ಟಿಬೆಟನ್ ತಂಡ ಬಂದಿಳಿದಾಗ ರಾಜ್ಯದ ಮುಖ್ಯಮಂತ್ರಿ ನಮ್ಮ ನೆರೆಯ ಜಮಖಂಡಿ ಸೀಮೆಯ ಸಾವಳಗಿಯವರಾದ ಬಿ.ಡಿ. ಜತ್ತಿ. 1966ರಲ್ಲಿ ಮುಂಡಗೋಡದ ವಸಾಹತು ಆರಂಭವಾದಾಗ ಎಸ್. ನಿಜಲಿಂಗಪ್ಪ. ಕಾಡು ಕಡಿದು, ಜೋಳ ಬಿತ್ತಿ, ಡ್ರೆಪುಂಗ್ ಮತ್ತು ಗಂಡೆನ್ ವಿಹಾರಗಳನ್ನು ಮತ್ತೆ ಕಟ್ಟಿ ಅವರು ಇಲ್ಲಿ ಬೇರು ಬಿಟ್ಟರು. ದೀಪಾವಳಿ ಮುಗಿದು ಚಳಿ ಹಿಡಿಯುವಾಗ ನಮ್ಮ ಪಟ್ಟಣಗಳಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟನ್ ಹೆಣ್ಣುಮಕ್ಕಳ ಜತೆ ಚೌಕಾಸಿ ಮಾಡದ ಮನೆ ಈ ಭಾಗದಲ್ಲಿ ಕಡಿಮೆ. ಆಯಿಯ ಕೆಂಪು ಸ್ವೆಟರೂ ಅಂಥ ಅಂಗಡಿಯದೇ. ಹತ್ತು ರೂಪಾಯಿ ಬಿಡಿಸಲು ಆಯಿ ಕಾಲು ತಾಸು ಜಗಳವಾಡಿದ್ದಳು, ಆ ಹೆಣ್ಣುಮಗಳು ನಗುತ್ತ ಕನ್ನಡದಲ್ಲೇ ಉತ್ತರ ಕೊಟ್ಟಿದ್ದಳು.

ಇಂಥವರಲ್ಲಿ ಇಲ್ಲೇ ಹುಟ್ಟಿದವರು ಯಾವ ದೇಶದವರು? ಪೌರತ್ವ ಕಾಯ್ದೆಯ 3ನೇ ಕಲಂ ಸ್ಪಷ್ಟವಾಗಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಆದರೂ ವರ್ಷಗಟ್ಟಲೆ ಟಿಬೆಟನ್ ದಂಪತಿಗಳ ಮಕ್ಕಳನ್ನು ವಿದೇಶಿಯರೆಂದೇ ನೋಂದಾಯಿಸಲಾಯಿತು. ಅವರ ಕೈಯಲ್ಲಿದ್ದದ್ದು ನೋಂದಣಿ ಪ್ರಮಾಣಪತ್ರ. ನಿಗದಿತ ಅವಧಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಕಾಯ್ದೆ ಒಂದು ಹೇಳಿತು, ಕಚೇರಿ ಇನ್ನೊಂದು ಮಾಡಿತು.

ಈ ಗಂಟು ಬಿಚ್ಚಿದ್ದು ಹೈಕೋರ್ಟುಗಳು. 1986ರಲ್ಲಿ ಹಿಮಾಚಲದ ಕಾಂಗ್ರಾದಲ್ಲಿ ಹುಟ್ಟಿದ ಟಿಬೆಟನ್ ಯುವತಿಗೆ ಪಾಸ್‌ಪೋರ್ಟ್ ನಿರಾಕರಿಸಿದಾಗ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ಆಕೆ ಹುಟ್ಟಿನಿಂದ ಭಾರತೀಯಳೆಂದು ತೀರ್ಪಿತ್ತಿತು. 2013ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಟಿಬೆಟನ್ ಧರ್ಮಗುರುವಿನ ಅರ್ಜಿಯಲ್ಲಿ ಅದೇ ಹಾದಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಆ ಅವಧಿಯಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಸೂಚಿಸಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಿದ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯ ಅಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು.

ಇಲ್ಲಿ ಹೈಕೋರ್ಟುಗಳು ಹೊಸ ಹಕ್ಕನ್ನೇನೂ ಸೃಷ್ಟಿಸಲಿಲ್ಲ. ಸಂಸತ್ತು 1955ರಲ್ಲೇ ಬರೆದಿಟ್ಟದ್ದನ್ನು ಕಚೇರಿಗಳಿಗೆ ಓದಿ ಹೇಳಿದವು. ಅಧಿಕಾರದ ಆದೇಶವನ್ನು ಕಾನೂನಿನ ಪಕ್ಕದಲ್ಲಿಟ್ಟು ಅಳೆಯುವ ಈ ಕೆಲಸಕ್ಕೇ ನ್ಯಾಯಾಂಗ ಪುನರ್ವಿಮರ್ಶೆ ಎನ್ನುತ್ತಾರೆ.

ಒಂದು ಚೌಕದ ಟಿಕ್ ಗುರುತು

ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದಲೂ ಈಗ ಮಕ್ಕಳು ಅಮೆರಿಕಕ್ಕೆ ಹೋಗಿದ್ದಾರೆ. ಅಲ್ಲಿ ‘ವಲಸೆ ಕೋರ್ಟು’ ಎಂಬ ಫಲಕವೇ ಇದೆ, ಕಪ್ಪು ನಿಲುವಂಗಿಯ ನ್ಯಾಯಾಧೀಶರೂ ಇದ್ದಾರೆ. ಆದರೆ ಆ ನ್ಯಾಯಾಧೀಶರು ನ್ಯಾಯಾಂಗದವರಲ್ಲ. 1983ರಲ್ಲಿ ನ್ಯಾಯ ಇಲಾಖೆಯೊಳಗೆ ಹುಟ್ಟಿದ ಒಂದು ವಿಭಾಗದ ನೌಕರರು. ಅವರ ಮೇಲಧಿಕಾರಿ ಅಟಾರ್ನಿ ಜನರಲ್, ಅಂದರೆ ಅಧ್ಯಕ್ಷರ ಸಂಪುಟದ ಸದಸ್ಯ. ಮೇಲ್ಮನವಿ ಮಂಡಳಿಯ ತೀರ್ಪು ಹಿಡಿಸದಿದ್ದರೆ ಪ್ರಕರಣವನ್ನು ತನ್ನ ಬಳಿಗೆ ತರಿಸಿಕೊಂಡು ಬದಲಿಸುವ ಅಧಿಕಾರವೂ ಆತನಿಗಿದೆ. 2018ರಲ್ಲಿ ಒಬ್ಬೊಬ್ಬ ನ್ಯಾಯಾಧೀಶ ವರ್ಷಕ್ಕೆ 700 ಪ್ರಕರಣ ಮುಗಿಸಬೇಕೆಂದು ಗುರಿ ಕೊಟ್ಟರು, ಮುಂದೆ ಅದನ್ನು ಕೈಬಿಟ್ಟರು. 2024ರ ಕೊನೆಗೆ ಬಾಕಿ ಪ್ರಕರಣಗಳು 37 ಲಕ್ಷದ ಸುತ್ತ ಇದ್ದವು. 2025ರಲ್ಲಿ ಎಷ್ಟೋ ನ್ಯಾಯಾಧೀಶರನ್ನು ಮನೆಗೆ ಕಳಿಸಿ, ಸೇನೆಯ ವಕೀಲರನ್ನು ತಾತ್ಕಾಲಿಕವಾಗಿ ಕೂರಿಸಲು ಅನುಮತಿ ನೀಡಿದರು. ಬಡ ವಲಸಿಗನಿಗೆ ಸರ್ಕಾರಿ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕೂ ಅಲ್ಲಿಲ್ಲ.

ಭಾರತದಿಂದ ಹೋಗಿ ಜಾರ್ಜಿಯಾದಲ್ಲಿ ನೆಲೆಸಿದ್ದ ಒಬ್ಬರು ಚಾಲನಾ ಪರವಾನಗಿ ಅರ್ಜಿಯಲ್ಲಿ ‘ಅಮೆರಿಕದ ಪ್ರಜೆ’ ಎಂಬ ಚೌಕಕ್ಕೆ ಟಿಕ್ ಹಾಕಿದ್ದರು. ಕೈತಪ್ಪಿ ಹಾಕಿದೆ, ಪ್ರಜೆಯಲ್ಲದಿದ್ದರೂ ನನಗೆ ಪರವಾನಗಿ ಸಿಗುತ್ತಿತ್ತು, ಸುಳ್ಳು ಹೇಳಿ ನನಗೇನು ಲಾಭ ಎಂದರು. ವಲಸೆ ನ್ಯಾಯಾಧೀಶರು ನಂಬಲಿಲ್ಲ. ಆ ತೀರ್ಮಾನ ತಪ್ಪೆಂದು ಫೆಡರಲ್ ಕೋರ್ಟು ನೋಡಬಹುದೇ? 2022ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಲ್ಲಿ ಹೇಳಿತು: ಗಡೀಪಾರಿನಿಂದ ಪಾರಾಗಲು ಪರಿಹಾರ ಕೋರಿದ ಇಂಥ ಪ್ರಕರಣಗಳಲ್ಲಿ ವಾಸ್ತವಾಂಶದ ತಪ್ಪನ್ನು ಕೋರ್ಟುಗಳು ನೋಡುವಂತಿಲ್ಲ, ಸಂಸತ್ತು ಆ ಬಾಗಿಲನ್ನು ಮುಚ್ಚಿದೆ. ನ್ಯಾಯಮೂರ್ತಿ ನೀಲ್ ಗೋರ್ಸಚ್ ಭಿನ್ನಮತ ಬರೆದರು. ಅಧಿಕಾರಿ ಎಷ್ಟೇ ಎದ್ದುಕಾಣುವ ತಪ್ಪು ಮಾಡಿದರೂ ತಿದ್ದುವವರಿಲ್ಲದಂತಾಯಿತು ಎಂಬುದು ಅವರ ಆತಂಕ.

ವಲಸೆ ಕೋರ್ಟುಗಳನ್ನು ನ್ಯಾಯ ಇಲಾಖೆಯಿಂದ ಬಿಡಿಸಿ ಸ್ವತಂತ್ರ ನ್ಯಾಯಾಲಯ ಮಾಡಿ ಎಂದು ಅಮೆರಿಕದ ವಕೀಲರ ಸಂಘಗಳೂ ಆ ನ್ಯಾಯಾಧೀಶರ ಸಂಘವೂ ಕೇಳುತ್ತ ಬಂದಿವೆ. 2022ರಲ್ಲಿ ಅದಕ್ಕೊಂದು ಮಸೂದೆಯೂ ಬಂತು, ಕಾಯ್ದೆಯಾಗಲಿಲ್ಲ. ಕೆನಡಾ ಮಾತ್ರ ಬೇರೆ ದಾರಿ ಹಿಡಿಯಿತು. ಬಹುಪಾಲು ಭಾರತದ ಸಿಖ್ಖರೇ ಇದ್ದ ಒಂದು ಪ್ರಕರಣದಲ್ಲಿ 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಶ್ರಯ ಕೋರಿದವನ ಮಾತನ್ನು ಎದುರು ಕೂರಿಸಿ ಕೇಳದೆ ಹೊರಹಾಕುವಂತಿಲ್ಲ ಎಂದಿತು. ಅದರ ಫಲವಾಗಿ 1989ರಲ್ಲಿ ಸ್ವತಂತ್ರ ವಲಸೆ ಮತ್ತು ನಿರಾಶ್ರಿತರ ಮಂಡಳಿ ಹುಟ್ಟಿತು. ನಮ್ಮವರೇ ಹೋಗಿ ಹೊರದೇಶದ ಕೋರ್ಟಿನಲ್ಲಿ ಗೆದ್ದ ನ್ಯಾಯ ಅದು. ಅದನ್ನು ನಮ್ಮ ಮನೆಯಲ್ಲಿ ಪಾಲಿಸಲು ಸಂಕೋಚವೇಕೆ?

ಎಡನೀರು ಮತ್ತು ನಿಪ್ಪಾಣಿ

ಸಂಸತ್ತು ನಮ್ಮಲ್ಲೂ ಆ ಬಾಗಿಲನ್ನು ಮುಚ್ಚಬಹುದೇ? ಆಗದು. ಅದಕ್ಕೆ ನಾವು ಕಾಸರಗೋಡಿನ ಕನ್ನಡದ ಮಠವೊಂದಕ್ಕೆ ಋಣಿಗಳು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಹೂಡಿದ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದಿತು. ಅದೇ ತತ್ವದ ಮೇಲೆ 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದ ತೀರ್ಪು ಬಂತು. ಯಾವ ನ್ಯಾಯಮಂಡಳಿಯನ್ನೇ ಕಟ್ಟಿ, ಅದರ ಆದೇಶವನ್ನು ನೋಡುವ ಹೈಕೋರ್ಟ್‌ನ ಅಧಿಕಾರವನ್ನು ಕಿತ್ತುಕೊಳ್ಳಲಾಗದು.

ಹಾಗೆಯೇ 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದ ಡಾ. ಬಿ.ಆರ್. ಅಂಬೇಡ್ಕರ್, 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು, ನೇರವಾಗಿ ಸುಪ್ರೀಂ ಕೋರ್ಟ್‌ನ ಬಾಗಿಲು ತಟ್ಟುವ ಹಕ್ಕನ್ನೇ ಇಡೀ ಸಂವಿಧಾನದ ಆತ್ಮ ಎಂದು ಕರೆದರು. ಬಾಗಿಲುಗಳನ್ನು ಮುಚ್ಚಿಸಿಕೊಂಡವರ ನೋವನ್ನು ಅನುಭವಿಸಿ ಬಲ್ಲವರು ಆಡಿದ ಮಾತದು.

21ನೇ ವಿಧಿಯಲ್ಲಿ ಬರೆದಿರುವುದು ‘ಯಾವುದೇ ಪ್ರಜೆ’ ಎಂದಲ್ಲ, ‘ಯಾವುದೇ ವ್ಯಕ್ತಿ’ ಎಂದು. ಅರುಣಾಚಲದ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ವಿದೇಶಿಯೆಂದು ಖಚಿತವಾದವನಿಗೂ ಕಾನೂನಿನ ದಾರಿಯಲ್ಲಿ ನಡೆಸಿಕೊಳ್ಳುವ ಹಕ್ಕಿದೆ.

ಗಡಿಯ ಭಯ ಸುಳ್ಳಲ್ಲ

ಇಷ್ಟು ಹೇಳಿ ಇನ್ನೊಂದು ಬದಿಯನ್ನು ಮರೆತರೆ ಅದು ನ್ಯಾಯವಾಗುವುದಿಲ್ಲ. 1979ರಿಂದ 1985ರವರೆಗೆ ಅಸ್ಸಾಂ ಬೀದಿಗಿಳಿದದ್ದು ತನ್ನ ಭಾಷೆ, ತನ್ನ ನೆಲ ಕೈಬಿಟ್ಟು ಹೋಗುತ್ತದೆ ಎಂಬ ಭಯದಿಂದ. ಆ ಭಯವನ್ನು ಚಿಕ್ಕೋಡಿ, ನಿಪ್ಪಾಣಿ, ಕಾಗವಾಡದವರಿಗೆ ಯಾರೂ ವಿವರಿಸಬೇಕಿಲ್ಲ. ನಮ್ಮ ಜಿಲ್ಲೆಯ ಊರುಗಳು ಯಾವ ರಾಜ್ಯದವು ಎಂಬ ವ್ಯಾಜ್ಯ 2004ರಿಂದ ಸುಪ್ರೀಂ ಕೋರ್ಟ್‌ನ ಮುಂದಿದೆ. ಕಾನೂನು ಮೀರಿ ಬಂದವರನ್ನು ಗುರುತಿಸುವ, ಕಳಿಸುವ ಅಧಿಕಾರ ದೇಶಕ್ಕೆ ಬೇಕು. 1955ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ಕೋರ್ಟುಗಳಲ್ಲಿ ವರ್ಷಗಟ್ಟಲೆ ಎಳೆದಾಡಿದರೆ ಆ ಅಧಿಕಾರ ಕಾಗದದಲ್ಲೇ ಉಳಿಯುತ್ತದೆ ಎಂಬ ಆಕ್ಷೇಪವೂ ಹುರುಳಿಲ್ಲದ್ದಲ್ಲ.

ಆದರೆ ಅವಸರಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ದುಡಿಯುತ್ತಿದ್ದ, ಬಂಗಾಳದ ಬೀರಭೂಮ್ ಜಿಲ್ಲೆಯ ಗರ್ಭಿಣಿಯನ್ನು ಅವಳ ಮಗನ ಸಮೇತ ಗಡಿಯಾಚೆ ದಾಟಿಸಲಾಯಿತು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತ ಹೈಕೋರ್ಟ್ ಆ ಕ್ರಮವನ್ನು ರದ್ದು ಮಾಡಿ ಕರೆತನ್ನಿ ಎಂದಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಮುಂದೆ ಕೇಂದ್ರ ಸರ್ಕಾರ ಮಾನವೀಯತೆಯ ನೆಲೆಯಲ್ಲಿ ಒಪ್ಪಿದ ಮೇಲೆ ತಾಯಿ ಮಗ ಮರಳಿದರು. ಮೊದಲು ಕೇಳಿ ಆಮೇಲೆ ಕಳಿಸುವುದಕ್ಕೆ ಕೆಲವು ವಾರ ಸಾಕಿತ್ತು, ಮೊದಲು ಕಳಿಸಿ ಆಮೇಲೆ ಕೇಳಿದ್ದಕ್ಕೆ ಆರು ತಿಂಗಳು ಹಿಡಿಯಿತು. ಅಷ್ಟೂ ದಿನ ಒಂದು ಬಸಿರು ಪರದೇಶದಲ್ಲಿ ಬೆಳೆಯಿತು.

ಏನು ಬದಲಾಗಬೇಕು

ಮೊದಲು ಪೀಠ ಬದಲಾಗಬೇಕು. ಮಂಡಳಿಯ ಸದಸ್ಯರ ಆಯ್ಕೆ, ಅವಧಿ, ಕೆಲಸದ ಪರಿಶೀಲನೆ ಎಲ್ಲವೂ ಹೈಕೋರ್ಟ್‌ನ ಕೈಗೆ ಬರಬೇಕು. ಎಷ್ಟು ಮಂದಿಯನ್ನು ವಿದೇಶಿಯರೆಂದು ಘೋಷಿಸಿದಿರಿ ಎಂಬ ಲೆಕ್ಕದ ಮೇಲೆ ಯಾರ ಕೆಲಸವೂ ನಿಲ್ಲಬಾರದು. ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ 2021ರ ನ್ಯಾಯಮಂಡಳಿ ಸುಧಾರಣಾ ಕಾಯ್ದೆಯ ಮುಖ್ಯ ಅಂಶಗಳನ್ನು ಹೊಡೆದುಹಾಕಿದಾಗ ಹೇಳಿದ್ದೂ ಇದೇ ತತ್ವವನ್ನು: ಮಂಡಳಿಗಳು ಸರ್ಕಾರದ ಹಿಡಿತದಿಂದ ಹೊರಗಿರಬೇಕು. ತೆರಿಗೆ, ಕಂಪನಿಗಳ ವ್ಯಾಜ್ಯ ನೋಡುವ ಮಂಡಳಿಗಳಿಗೆ ಬೇಕಾದ ಸ್ವಾತಂತ್ರ್ಯ ಮನುಷ್ಯನ ದೇಶವನ್ನೇ ತೀರ್ಮಾನಿಸುವ ಮಂಡಳಿಗೆ ಬೇಡವೇ? ವಿದೇಶಿಯರ ಮಂಡಳಿಗಳಿಗೆ 2025ರ ಹೊಸ ವ್ಯವಸ್ಥೆಯಲ್ಲಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವನ್ನೂ ಕೊಟ್ಟಾಗಿದೆ. ಅಧಿಕಾರ ಮ್ಯಾಜಿಸ್ಟ್ರೇಟರದಾದರೆ ಸ್ವಾತಂತ್ರ್ಯವೂ ಮ್ಯಾಜಿಸ್ಟ್ರೇಟರದೇ ಆಗಿರಬೇಕು.

ಎರಡನೆಯದು ನೋಟಿಸು. ಸಂಶಯಕ್ಕೆ ಆಧಾರವೇನು ಎಂಬುದು ನೋಟಿಸಿನಲ್ಲೇ, ಆಪಾದಿತ ಓದಬಲ್ಲ ಭಾಷೆಯಲ್ಲಿ ಇರಬೇಕು. ಹಾಜರಾಗದವನ ವಿರುದ್ಧದ ಆದೇಶ ತಾನಾಗಿಯೇ ಮರುಪರಿಶೀಲನೆಗೆ ಹೋಗಬೇಕು. ಮೂರನೆಯದು ವಕೀಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಆ ನೆರವು ಅರ್ಜಿ ಹಾಕಿ ಕಾಯುವಂತಿರಬಾರದು, ನೋಟಿಸಿನ ಜತೆಯಲ್ಲೇ ಬರಬೇಕು. ನಾಲ್ಕನೆಯದು ಅಪೀಲು. ಸಾಕ್ಷಿಯನ್ನು ಹೊಸದಾಗಿ ತೂಗುವ ಒಂದು ಮೇಲ್ಮನವಿ ಪೀಠ ಕಾಯ್ದೆಯಲ್ಲೇ ಇರಬೇಕು, ಅದು ಮುಗಿಯುವವರೆಗೆ ಯಾರನ್ನೂ ಗಡಿ ದಾಟಿಸಬಾರದು. ಇಷ್ಟಾದರೆ ರಿಟ್ ಅರ್ಜಿಗಳ ರಾಶಿಯೂ ಕರಗುತ್ತದೆ, ತೀರ್ಮಾನವೂ ಬೇಗ ಆಗುತ್ತದೆ. ತಪ್ಪು ತೀರ್ಪಿಗೆ ಮೇಲಿಂದ ಮೇಲೆ ನಡೆಯುವ ರಿಪೇರಿಗಿಂತ ಮೊದಲ ತೀರ್ಪು ಸರಿಯಾಗುವಂತೆ ಕಟ್ಟುವುದೇ ಅಗ್ಗ.

ಕೊನೆಯದು ಕಾಗದವನ್ನು ನೋಡುವ ಕಣ್ಣು. ಈ ದೇಶದ ಬಡವರ ಕಾಗದಗಳನ್ನು ಬರೆದವರು ಬಡವರಲ್ಲ. ಅವರ ಹೆಸರನ್ನು ಬೇರೆ ಯಾರೋ ಕೇಳಿಸಿಕೊಂಡು, ತಮಗೆ ಬಂದ ಲಿಪಿಯಲ್ಲಿ, ತಮಗೆ ತಿಳಿದಂತೆ ಬರೆದಿದ್ದಾರೆ. ಆ ಬರವಣಿಗೆಯ ತಪ್ಪಿಗೆ ಬರೆಸಿಕೊಂಡವರನ್ನು ಶಿಕ್ಷಿಸುವುದು ಯಾವ ನ್ಯಾಯ?

ಆಯಿ ಈಗಿಲ್ಲ. ಟ್ರಂಕು ತೆಗೆದಾಗಲೆಲ್ಲ ಆ ಅಫಿಡವಿಟ್ ಕೈಗೆ ಬರುತ್ತದೆ. ಹೆಬ್ಬೆಟ್ಟಿನ ನೀಲಿ ಗುರುತು ಮಾಸಿದೆ, ಗೆರೆಗಳು ಇನ್ನೂ ಕಾಣುತ್ತವೆ. ‘ಒಪ್ಪಲಿಲ್ಲಂದ್ರ ಮುಂದ ಯಾರನ್ನ ಕೇಳೂದು’ ಎಂದು ಅವಳು ಕೇಳಿದ ದಿನ ನೋಟರಿ ತಲೆ ಎತ್ತದೆ, ಮುದ್ರೆ ಒತ್ತುತ್ತಲೇ ಹೇಳಿದ್ದರು: ‘ಮ್ಯಾಲ ಸಾಹೇಬರು ಅದಾರ ಆಯಿ, ಅವರೂ ಕೇಳಲಿಲ್ಲಂದ್ರ ಕೋರ್ಟ ಐತಿ.’ ಆಯಿ ಅಷ್ಟಕ್ಕೇ ಸಮಾಧಾನವಾಗಿ, ಸೆರಗು ಹೊದ್ದು, ಕಬ್ಬೂರದ ಬಸ್ಸು ಹಿಡಿಯಲು ಎದ್ದಿದ್ದಳು. ಬ್ರಹ್ಮಪುತ್ರೆಯ ದಂಡೆಯಲ್ಲಿ ಅವಳ ಹಾಗೆಯೇ ಎರಡು ಹೆಸರಿನ ಒಬ್ಬ ಮುದುಕಿ ಇದೇ ಪ್ರಶ್ನೆ ಕೇಳಿದಾಗ ಅವಳಿಗೂ ಅಷ್ಟೇ ಸಲೀಸಾಗಿ, ಅಷ್ಟೇ ಖಾತ್ರಿಯಿಂದ ಇದೇ ಉತ್ತರ ಸಿಗಬೇಕು.